ಆಕಾರ, ಜೂಡಿ, ನುಕ್ಸಾನ: ಕರ್ಜಗಿ ತಾಲೂಕಿನ ಹಳೇ ಕಾಗದದಾಗ ನಮ್ಮ ಹೊಲದ ಬೆಲೆ

ಪೋಸ್ಟ್ ಉದ್ದ ಐತಿ. ಜಮೀನಿನ ಲೆಕ್ಕ ಇರೋದರಿಂದ ಸ್ವಲ್ಪ ಒಣ ಅನ್ನಿಸಬಹುದು. ಆದರೂ ನಿಮ್ಮ ಮನೆಯಲ್ಲಿ ಎರಡು ಗುಂಟೆ ಹೊಲ ಇದ್ದರೂ, ಅಥವಾ ಒಂದು ಕಾಲಕ್ಕೆ ಇತ್ತು ಅಂತ ಅಜ್ಜ ಹೇಳ್ತಿದ್ದರೂ, ಕೊನೇತನಕ ಓದಿ.

ಕಳೆದ ಬೇಸಿಗೆಯಲ್ಲಿ ನಮ್ಮ ಕಾಕಾ ಫೋನ್ ಮಾಡಿದ. "ತಮ್ಮಾ, ಹೊಲಾ ಕೊಡಾಕ ನಿಂತೀನಿ. ಐತವಾರ ಸಂಚಕಾರ ಐತಿ. ಕಾಗದ ಓದಾಕ ಒಬ್ಬಂವ ಬೇಕು, ನೀ ಬಾ" ಅಂದ. ಹೋದೆ. ಏಜೆಂಟ್ ಆಗಲೇ ಕಟ್ಟಿ ಮ್ಯಾಲೆ ಕೂತಿದ್ದ. ನಮ್ಮ ಕೇರಿಗೆ ಬಂದು, ನಮ್ಮ ಕಾಕಾಗೆ "ಯಜಮಾನ್ರ" ಅಂತ ಕರೆದು, ನಮ್ಮ ಮನೆ ಚಾ ಕುಡಿದ. ನನಗೆ ಸಂಶಯ ಬಂದದ್ದೇ ಅಲ್ಲಿ. ಅವನ ಮಾತು ಇಷ್ಟು: "ನೋಡ್ರಿ, ಇದು ಹಾಳ ಹೊಲ. ಅರ್ಧಾ ಖರಾಬ್ ಐತಿ. ಸರ್ಕಾರದ ಮಾರ್ಗಸೂಚಿ ದರಾನ ಇಷ್ಟ ಐತಿ. ನಾ ಅದಕ್ಕಿಂತ ಮ್ಯಾಲೆ ಕೊಡಾಕತ್ತೀನಿ." ಕಾಕಾನ ಮುಖ ನೋಡಿದರೆ ಆ ಮನುಷ್ಯ ಏನೋ ಉಪಕಾರ ಮಾಡ್ತಿದ್ದಾನೆ ಅನ್ನೋ ಹಂಗಿತ್ತು.

ಖರಾಬ್ ಅನ್ನೋದು ಎಲ್ಲಿ ಬರೆದೈತಿ ತೋರಿಸ್ರಿ ಅಂದೆ. ಹಳೇ ಕಾಗದದಾಗ ಐತಿ ಅಂದ. ಸರಿ, ಹಂಗಾದ್ರೆ ಹಳೇ ಕಾಗದ ಬಂದ ಮೇಲೆ ಸಂಚಕಾರ ಅಂದೆ. ಕಾಕಾಗೆ ಸಿಟ್ಟು ಬಂತು. ಮಗಳ ಮದುವೆ ಸಾಲ ಇತ್ತು. ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹಳೇ ಕಾಗದ ಹುಡುಕೋಕೆ ಹೋದವರಿಗೆ ಮೊದಲು ಎಡವೋದು ಊರಿನ ಹೆಸರಲ್ಲೇ. ಇವತ್ತು ಕರ್ಜಗಿ ಅಂದ್ರೆ ಹಾವೇರಿ ತಾಲೂಕಿನ ಒಂದು ಊರು, ವರದಾ ಹೊಳಿ ದಂಡೆ, ರೈಲ್ವೆ ಸ್ಟೇಶನ್. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ಇಡೀ ತಾಲೂಕಿನ ಹೆಸರೇ ಕರ್ಜಗಿ ಆಗಿತ್ತು, ಹಾವೇರಿ ಪೇಟೆ ಆ ತಾಲೂಕಿನೊಳಗೆ ಇತ್ತು. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಹಿಂಗಾಗಿ ಹಳೇ ಕಟ್ಟುಗಳಲ್ಲಿ "ಹಾವೇರಿ ತಾಲೂಕು" ಅಂತ ಹುಡುಕಿದರೆ ನಿಮ್ಮ ಊರು ಸಿಗೋದಿಲ್ಲ, ಕರ್ಜಗಿ ಅಂತ ಹುಡುಕಬೇಕು. ನಾನು ಗುಮಾಸ್ತ. ಹಗಲೆಲ್ಲಾ ಬೇರೆಯವರ ಕಡತಕ್ಕೆ ನಂಬರ್ ಹಚ್ಚೋ ಕೆಲಸ. ನನಗೇ ಈ ಸಣ್ಣ ವಿಷಯ ಗೊತ್ತಾಗೋಕೆ ಮೂರು ಸಲ ರಜೆ ಹಾಕಬೇಕಾಯಿತು. ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ "ಅಂಥಾವೆಲ್ಲಾ ಗೆದ್ದಲು ತಿಂದಾವ" ಅಂತ ಹೇಳಿ ಕಳಿಸಿದರು. ನಾಲ್ಕನೇ ಸಲ ಹೋದಾಗ ಅದೇ ಕಾಗದ ಅದೇ ಕಪಾಟಿನಿಂದ ಬಂತು.

ಈಗ ಆ ಕಾಗದದ ಇತಿಹಾಸ.

ಮುಂಬೈ ಸರ್ಕಾರ ಜಮೀನನ್ನು ಶಾಸ್ತ್ರಬದ್ಧವಾಗಿ ಅಳೆದು ಬೆಲೆ ಕಟ್ಟೋಕೆ ಶುರು ಮಾಡಿದ್ದು 1836ರಲ್ಲಿ, ಪುಣೆ ಕಡೆಯ ಇಂದಾಪುರದಲ್ಲಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಅಧಿಕಾರಿಗಳು ಅದರ ಹಿಂದೆ ಇದ್ದರು. 1840ರ ದಶಕದಲ್ಲಿ ವಿಂಗೇಟ್ ನಮ್ಮ ಧಾರವಾಡ ಸೀಮೆಯ ಸರ್ವೆ ನಡೆಸಿದ. 1847ರಲ್ಲಿ ಜಂಟಿ ವರದಿ ಬಂತು. ಮುಂದೆ ಮುಂಬೈ ಇಲಾಖೆಯ ತುಂಬಾ ಅದೇ ಬುನಾದಿ ಆಯಿತು. ಸರಪಳಿ 33 ಅಡಿ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇವತ್ತಿಗೂ ನಾವು ಇದರಲ್ಲೇ ಲೆಕ್ಕ ಹಾಕ್ತೀವಿ.

ಅಳತೆ ಆದ ಮೇಲೆ ಇನ್ನೊಂದು ತಂಡ ಬರ್ತಿತ್ತು, ಮಣ್ಣಿನ ವರ್ಗ ಮಾಡೋರು. ಹೊಲವನ್ನು ಭಾಗ ಮಾಡಿ, ಗುದ್ದಲಿಯಿಂದ ಅಗೆದು, ಮಣ್ಣು ಎಷ್ಟು ಆಳ ಐತಿ ಅಂತ ಮೊಳದ ಲೆಕ್ಕದಲ್ಲಿ ನೋಡ್ತಿದ್ದರು. ಒಂದೂ ಮುಕ್ಕಾಲು ಮೊಳ ಆಳದ ಒಳ್ಳೇ ಕರಿ ಎರಿ ಮಣ್ಣಿಗೆ 16 ಆಣೆ. ಕಾಲು ಮೊಳ ಕಡಿಮೆ ಆದ್ರೆ 14 ಆಣೆ. ಹಿಂಗೇ 12, 10, 8, 6 ಅಂತ ಇಳಿದು ಇಳಿದು ಕೊನೆಗೆ 2 ಆಣೆ. ಒಟ್ಟು ಒಂಬತ್ತು ವರ್ಗ. ಮಸಾರಿ ಮಣ್ಣು ಎರಿಗಿಂತ ಕೆಳಗಿಂದ ಶುರು. ಅದರ ಮೇಲೆ ದೋಷಗಳು: ಸುಣ್ಣದ ಹರಳು ಇದ್ದರೆ ಒಂದು ವರ್ಗ ಇಳಿಸು, ಉಸುಕು ಬೆರೆತಿದ್ದರೆ ಇಳಿಸು, ಇಳಿಜಾರು ಇದ್ದರೆ ಇಳಿಸು, ಮಳೆಗಾಲದಲ್ಲಿ ಹೊಳಿ ನೀರು ನುಗ್ಗುತ್ತಿದ್ದರೆ ಇಳಿಸು. ವರದಾ ದಂಡೆಯ ಹೊಲಗಳಿದ್ದವರು ಈ ಕೊನೇದನ್ನ ಗಮನದಲ್ಲಿ ಇಟ್ಕೊಳ್ಳಿ. ಸಾಗುವಳಿ ಆಗದ ಕಲ್ಲು, ಹಳ್ಳ, ದಾರಿ ಇವನ್ನ ಬೇರೆ ಮಾಡಿ ಖರಾಬು ಅಂತ ಬರೆದು, ಅದಕ್ಕೆ ದರ ಹಾಕ್ತಿರಲಿಲ್ಲ.

ಇದೆಲ್ಲಾ ಕೂಡಿಸಿ ಆ ಸರ್ವೆ ನಂಬರಿಗೆ ವರ್ಷಕ್ಕೆ ಇಷ್ಟು ರೂಪಾಯಿ, ಇಷ್ಟು ಆಣೆ ಅಂತ ನಿಗದಿ ಮಾಡಿದ್ದೇ ಆಕಾರ. 30 ವರ್ಷ ಅದನ್ನ ಏರಿಸೋದಿಲ್ಲ ಅಂತ ಸರ್ಕಾರದ ಮಾತು. ಊರಿನ ಎಲ್ಲಾ ಸರ್ವೆ ನಂಬರುಗಳ ವಿಸ್ತೀರ್ಣ, ಖರಾಬು, ಆಕಾರ ಇರೋ ಪುಸ್ತಕವೇ ಆಕಾರಬಂದ್. ನಿಮ್ಮ ಇವತ್ತಿನ ಕಂಪ್ಯೂಟರ್ ಉತಾರದಲ್ಲಿ ಕಂದಾಯ ಅಂತ ಕೆಲವೇ ರೂಪಾಯಿ, ಪೈಸೆ ಇರೋ ಒಂದು ಮನೆ ಇರ್ತದಲ್ಲ, ಯಾರೂ ತಿರುಗಿ ನೋಡದ ಮನೆ, ಅದರ ಬೇರು ಇಲ್ಲಿ ಐತಿ.

ಕುಂಪಣಿ ಸರ್ಕಾರ ಇದನ್ನ ನಮ್ಮ ಮೇಲಿನ ಪ್ರೀತಿಗೆ ಬರೆಸಲಿಲ್ಲ. ತೆರಿಗೆ ವಸೂಲಿಗೆ ಬರೆಸಿತು. ಆಕಾರ ಅಂದ್ರೆ ಮಾರುಕಟ್ಟೆ ಬೆಲೆಯೂ ಅಲ್ಲ. ಆದರೆ ಒಂದು ಗುಣ ಐತಿ: ಒಂದೇ ಊರಿನ ಹೊಲ ಹೊಲಗಳ ನಡುವೆ ಯಾವುದು ಮೇಲು, ಯಾವುದು ಕೀಳು ಅನ್ನೋದನ್ನ ಅದು ಹೇಳ್ತದೆ. ಗೌಡರ ಹೊಲಕ್ಕೂ ಅದೇ ಗುದ್ದಲಿ, ನಮ್ಮ ಹೊಲಕ್ಕೂ ಅದೇ ಗುದ್ದಲಿ. ಮಣ್ಣಿನ ಆಳ ಅಳೆಯುವಾಗ ಜಾತಿ ಕಾಲಂ ಇರಲಿಲ್ಲ. (ಅಗೆದವರು ಯಾರು ಅಂತ ಕೇಳಬೇಡಿ. ಗಡಿಕಲ್ಲು ತೋರಿಸೋದು, ಸಾಹೇಬರ ಸಾಮಾನು ಹೊರೋದು ಯಾರ ಪಾಲಿಗೆ ಇತ್ತು ಅಂತ ನಿಮಗೆ ಗೊತ್ತು.)

ನಮ್ಮ ಮುತ್ತ್ಯಾನ ಹೆಸರಿನ ನಂಬರು ಸಿಕ್ಕಿತು. ಸರ್ವೆ ನಂಬರ್ ಇಲ್ಲಿ ಬರೆಯೋದಿಲ್ಲ, ಏಜೆಂಟರೂ ಫೇಸ್‌ಬುಕ್ ಓದ್ತಾರೆ. ಖರಾಬು ಬಿಟ್ಟು 4 ಎಕರೆ 12 ಗುಂಟೆ. ಖರಾಬು ಎಷ್ಟು ಗೊತ್ತೇ? 3 ಗುಂಟೆ. ಅರ್ಧ ಹೊಲ ಅಲ್ಲ, ಮೂರು ಗುಂಟೆ. ಆಕಾರ 5 ರೂಪಾಯಿ 12 ಆಣೆ, ಅಂದ್ರೆ ಎಕರೆಗೆ ಸುಮಾರು 1 ರೂಪಾಯಿ 5 ಆಣೆ. ಬಾಜೂಕಿನ ದೊಡ್ಡವರ ಹೊಲದ ಸಾಲು ನೋಡಿದೆ. ಎಕರೆಗೆ ಒಂದು ಆಣೆ ಹೆಚ್ಚು ಕಡಿಮೆ, ಅಷ್ಟೇ. ಆ ಹೊಲ ಹೋದ ವರ್ಷ ಯಾವ ದರಕ್ಕೆ ಹೋಗಿದೆ ಅಂತ ಇಡೀ ಊರಿಗೆ ಗೊತ್ತು. ನಮ್ಮದು ಮಾತ್ರ "ಹಾಳ ಹೊಲ" ಆಗಿದ್ದು ಮಣ್ಣಿನಿಂದ ಅಲ್ಲ.

ಒಂದು ಸಣ್ಣ ಸೂಚನೆ. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ಹಳೇ ಕಾಗದದಲ್ಲಿ 5-12-0 ಅಂತ ಇರೋದು ಹೊಸದರಲ್ಲಿ 5.75 ಆಗಿರ್ತದೆ. ಎರಡೂ ಬೇರೆ ಬೇರೆ ಹೊಲ ಅಂತ ತಿಳಿದು ವಾಪಸ್ ಬಂದವರನ್ನ ನಾನು ನೋಡಿದ್ದೀನಿ.

ಆದರೆ ನನ್ನನ್ನ ರಾತ್ರಿ ನಿದ್ದೆ ಮಾಡಗೊಡದೇ ಇದ್ದದ್ದು ಆಕಾರದ ಮನೆ ಅಲ್ಲ, ಅದರ ಬಾಜೂಕಿನ ಎರಡು ಮನೆ. ಜೂಡಿ: 1 ರೂಪಾಯಿ 7 ಆಣೆ. ನುಕ್ಸಾನ: 4 ರೂಪಾಯಿ 5 ಆಣೆ.

ನಮ್ಮ ಮುತ್ತ್ಯಾನ ಮನೆತನದ್ದು ವಾಲೀಕಾರಕಿ. ಆ ಹೊಲ ಚಾಕರಿಯ ವತನ. ಟಪಾಲು ಒಯ್ಯೋದು, ಚಾವಡಿಗೆ ಜನ ಕರೆಯೋದು, ಕಂದಾಯದ ರೊಕ್ಕಕ್ಕೆ ಕಾವಲು ಹೋಗೋದು, ಸತ್ತ ಸುದ್ದಿ ಮುಟ್ಟಿಸೋದು, ಅಧಿಕಾರಿ ಬಂದ್ರೆ ಕುದುರೆಗೆ ಹುಲ್ಲು ತರೋದು. ಹಗಲು ರಾತ್ರಿ ಅಂತಿಲ್ಲ. ಅದಕ್ಕೆ ಸಂಬಳ ಅಂತ ಹೊಲ. ಆದರೆ ಆ ಹೊಲಕ್ಕೂ ಸರ್ಕಾರ ಪೂರ್ತಿ ಆಕಾರ ಬಿಡಲಿಲ್ಲ. ಒಂದು ಪಾಲು ಜೂಡಿ ಅಂತ ವಸೂಲಿ ಮಾಡಿತು. ಉಳಿದದ್ದನ್ನ ಬಿಟ್ಟುಕೊಟ್ಟಿತು. ಆ ಬಿಟ್ಟುಕೊಟ್ಟದ್ದಕ್ಕೆ ಸರ್ಕಾರಿ ಲೆಕ್ಕದ ಭಾಷೆಯಲ್ಲಿ ಹೆಸರು ನುಕ್ಸಾನ. ಅಂದ್ರೆ ಸರ್ಕಾರಕ್ಕೆ ಆದ ನಷ್ಟ.

4 ರೂಪಾಯಿ 5 ಆಣೆ ಅಂದ್ರೆ 69 ಆಣೆ. ತಿಂಗಳಿಗೆ ಆರು ಆಣೆಯೂ ಬೀಳೋದಿಲ್ಲ. ಒಂದು ಮನೆತನ, ಅಣ್ಣತಮ್ಮಂದಿರು, ಹೆಂಡಿರು ಮಕ್ಕಳು ಸಮೇತ ಇಡೀ ವರ್ಷ ಊರಿನ ಹಾಗೂ ಸರ್ಕಾರದ ಕೈಯಾಳಾಗಿ ನಿಂತದ್ದಕ್ಕೆ ಸರ್ಕಾರ ಬಿಟ್ಟದ್ದು ಅಷ್ಟು. ಹೊಲದ ಪೀಕು ಬೇರೆ ಅಲ್ಲವೇ ಅನ್ನಬಹುದು. ಪೀಕು ನಮ್ಮವರು ದುಡಿದು ತೆಗೆದದ್ದು, ಸರ್ಕಾರ ಕೊಟ್ಟದ್ದಲ್ಲ. ರೈತರಿಂದ ಸುಗ್ಗಿಯಲ್ಲಿ ಬರುವ ಆಯಾ ಕಾಳು ಇತ್ತು, ಅದು ಕಣದ ಅಂಚಿನಲ್ಲಿ ಕೈಯೊಡ್ಡಿ ನಿಂತು ತಗೊಳ್ಳೋದು. ನಮ್ಮ ಅವ್ವ ಆ ನಿಲ್ಲೋದನ್ನ ಸಣ್ಣವಳಿದ್ದಾಗ ನೋಡಿದಾಳೆ. ಅದರ ಬಗ್ಗೆ ಹೆಚ್ಚು ಮಾತಾಡೋದಿಲ್ಲ.

ಬಾಬಾಸಾಹೇಬರು ಈ ಲೆಕ್ಕವನ್ನ ನಮಗಿಂತ ಮೊದಲೇ ಬಿಡಿಸಿದ್ದರು. 1928ರ ಮಾರ್ಚಿನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅವರ ಮಾತು ಸರಳ: ಚಾಕರಿಯಿಂದ ಬಿಡುಗಡೆ ಕೊಡಿ, ಹೊಲಕ್ಕೆ ಬೇರೆ ರೈತರಂತೆ ಪೂರ್ತಿ ಆಕಾರ ಕಟ್ತೀವಿ, ಹೊಲ ನಮ್ಮದಾಗಲಿ. ಮಸೂದೆ ಪಾಸಾಗಲಿಲ್ಲ, ವಾಪಸ್ ಪಡೆಯಬೇಕಾಯಿತು. ಮುಂದೆ ಸರ್ಕಾರ ವತನ ಹೊಲಗಳ ಜೂಡಿಯನ್ನೇ ಏರಿಸಿದಾಗ 1939ರ ಡಿಸೆಂಬರಿನಲ್ಲಿ ಅಹಮದ್‌ನಗರ ಜಿಲ್ಲೆಯ ಹರೇಗಾಂವದಲ್ಲಿ ವತನದಾರರ ಪರಿಷತ್ತು ಸೇರಿಸಿ ಪ್ರತಿಭಟಿಸಿದರು. ನಾವು ಮಹಾಡ ಕೆರೆ, ಕಾಳಾರಾಮ ಗುಡಿ ಅಂತ ಭಾಷಣ ಮಾಡ್ತೀವಿ, ಮಾಡಬೇಕು. ಹರೇಗಾಂವದ ಹೆಸರು ಮಾತ್ರ ನಮ್ಮ ವೇದಿಕೆಗಳಲ್ಲಿ ಕೇಳಿಬರೋದೇ ಇಲ್ಲ. ಅದು ಭೂಕಂದಾಯದ ಹೋರಾಟ, ಚಪ್ಪಾಳೆ ಬೀಳೋದಿಲ್ಲ ಅಂತ ಇರಬೇಕು.

ವತನ ರದ್ದಾದ ಕಥೆಯೂ ಕೇಳಿ. ಕುಲಕರ್ಣಿ ವತನಗಳು ಮುಂಬೈ ಸರ್ಕಾರದ 1950ರ ಕಾಯ್ದೆಯಿಂದ ರದ್ದಾದವು, 1951ರ ಮೇ 1ರಿಂದ ಜಾರಿ. ನಾವು ಆಗ ಮುಂಬೈ ರಾಜ್ಯದಲ್ಲೇ ಇದ್ದೆವು. ಕೆಳಗಿನ ಚಾಕರಿಯವರ ವತನ ರದ್ದು ಮಾಡೋ ಕಾಯ್ದೆಯನ್ನ ಮುಂಬೈ ತಂದಿದ್ದು 1958ರಲ್ಲಿ. ಅಷ್ಟರೊಳಗೆ, 1956ರ ನವೆಂಬರ್ 1ಕ್ಕೆ, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗಿತ್ತು. ಆ ಕಾಯ್ದೆ ನಮಗೆ ತಾಗಲಿಲ್ಲ. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದ್ದು, ಜಾರಿ ಆಗಿದ್ದು 1963ರ ಫೆಬ್ರುವರಿ 1. ಅಂದ್ರೆ ಲೆಕ್ಕ ಬರೆಯೋನ ವತನಕ್ಕೂ ಆ ಲೆಕ್ಕದ ಚೀಲ ಹೊರೋನ ವತನಕ್ಕೂ ನಡುವೆ ಹನ್ನೆರಡು ವರ್ಷ ಅಂತರ ಬಿತ್ತು. ಏಕೀಕರಣದ ಹಬ್ಬ ನಾನೂ ಮಾಡ್ತೀನಿ, ಕನ್ನಡ ನನ್ನದೂ ಹೌದು. ಈ ಹನ್ನೆರಡು ವರ್ಷವನ್ನೂ ನೆನಪಿಟ್ಟುಕೊಂಡು ಮಾಡ್ತೀನಿ.

ರದ್ದಾದ ಮೇಲೆ ಹೊಲ ಸರ್ಕಾರಕ್ಕೆ ಹೋಗಿ, ಮತ್ತೆ ಅದೇ ಮನೆತನಕ್ಕೆ ಮರುಮಂಜೂರು ಆಗಬೇಕು. ಅದಕ್ಕೆ ಕಟ್ಟಬೇಕಾದ ರೊಕ್ಕದ ಲೆಕ್ಕ ಮಾರುಕಟ್ಟೆ ದರದಲ್ಲಿ ಅಲ್ಲ, ಅದೇ ಹಳೇ ಆಕಾರದ ಇಷ್ಟು ಪಟ್ಟು ಅಂತ. ಬಹಳ ಸಣ್ಣ ಮೊತ್ತ. ಆದರೆ ಮುದತಿನೊಳಗೆ ಕಟ್ಟಬೇಕು ಅಂತ ಕೇರಿಗೆ ಬಂದು ಹೇಳಿದವರು ಯಾರು? ಡಂಗುರ ಸಾರೋನೂ ನಮ್ಮವನೇ ಇದ್ದ, ಅವನಿಗೆ ಹೇಳಿಕೊಟ್ಟಿದ್ದರೆ ತಾನೇ ಸಾರೋದು. ಕೆಲವರು ಕಟ್ಟಿದರು. ಕೆಲವರ ಪರವಾಗಿ ಊರಿನ ದೊಡ್ಡವರು ಕಟ್ಟಿ, ರಸೀದಿ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡು, ಹೊಲ ತಾವೇ ಉತ್ತರು.

ಇಲ್ಲಿ ನಮ್ಮ ಸಂಘಟನೆಗಳವರು ಮಾಡೋ ಒಂದು ತಪ್ಪು ಹೇಳಲೇಬೇಕು. ಎಸ್‌ಸಿ ಹೊಲ ಪರರ ಕೈಯಲ್ಲಿ ಐತಿ ಅಂದ ತಕ್ಷಣ ನಾವು ಪಿಟಿಸಿಎಲ್ ಅರ್ಜಿ ಹಾಕ್ತೀವಿ. 1978ರ ಆ ಕಾಯ್ದೆ ನಮ್ಮ ದೊಡ್ಡ ಆಯುಧ, ಅನುಮಾನ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯೋದಿಲ್ಲ ಅಂದ ಮೇಲೆ ಎಷ್ಟು ಪ್ರಕರಣ ಬಿದ್ದವು, ಎಷ್ಟು ದಿನ ಧರಣಿ ಕೂತೆವು, 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ಹೆಂಗ ಬಂತು, ಎಲ್ಲಾ ನಿಮಗೆ ಗೊತ್ತು. ಆದರೆ ಅದೇ ಕಾಯ್ದೆಯ 3ನೇ ಕಲಮಿನಲ್ಲಿ "ಮಂಜೂರಾದ ಜಮೀನು" ಅಂದ್ರೆ ಏನು ಅಂತ ಹೇಳುವಾಗ, ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಕಾನೂನಿನಡಿ ಬಂದ ಜಮೀನನ್ನ ಹೊರಗಿಟ್ಟಿದ್ದಾರೆ. ಅಂದ್ರೆ ವತನದ ಹೊಲ ಪಿಟಿಸಿಎಲ್‌ಗೆ ಬರೋದಿಲ್ಲ. ಅದಕ್ಕೆ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೇ ದಾರಿ. ಆ ಕಾಯ್ದೆಗೂ 1978ರಲ್ಲಿ ತಿದ್ದುಪಡಿ ಆಗಿ 15 ವರ್ಷ ಮಾರಾಟಕ್ಕೆ ತಡೆ ಬಂದಿತ್ತು. ಅದಕ್ಕೂ ಹಿಂದೆ, 1874ರ ಕಾಯ್ದೆಯಲ್ಲೇ, ಸರ್ಕಾರದ ಒಪ್ಪಿಗೆ ಇಲ್ಲದೆ ವತನದಾರ ತನ್ನ ಜೀವಮಾನ ಮೀರಿ ವತನವನ್ನ ಪರರಿಗೆ ಕೊಡುವಂತಿರಲಿಲ್ಲ.

ಹಂಗಾದ್ರೆ ನಿಮ್ಮ ಹೊಲ ಯಾವುದು ಅಂತ ಹೆಂಗ ಗೊತ್ತಾಗಬೇಕು? ಜೂಡಿ ಮನೆ ನೋಡಿ. ಹಳೇ ಕಾಗದದಲ್ಲಿ ಅಲ್ಲಿ ಅಂಕಿ ಇದ್ದರೆ ಅದು ಇನಾಮೋ ವತನವೋ ಆಗಿತ್ತು. ಅಲ್ಲಿ ಏನೂ ಇಲ್ಲದೆ ಪೂರ್ತಿ ಆಕಾರ ಇದ್ದು, ಯಾವುದೋ ವರ್ಷ ಸರ್ಕಾರ ಮಂಜೂರು ಮಾಡಿದ ಆದೇಶ ಇದ್ದರೆ ಪಿಟಿಸಿಎಲ್ ಕಡೆ ನೋಡಬೇಕು. ಕಂಪ್ಯೂಟರ್ ಉತಾರದಲ್ಲೂ ಜೂಡಿ ಅಂತ ಮನೆ ಉಳಿದಿದೆ, ಆದರೆ ವತನ ಹೋದ ಮೇಲೆ ಅದು ಖಾಲಿ. ಅದಕ್ಕೇ ಕೈಬರಹದ ಪಹಣಿ, ಆಕಾರಬಂದ್, ಹಳೇ ವತನ ರಿಜಿಸ್ಟರ್ ಬೇಕು. ವಕೀಲರ ಹತ್ತಿರ ಹೋಗೋ ಮುಂಚೆ ಇದನ್ನ ನೋಡಿಕೊಂಡು ಹೋಗಿ. ತಪ್ಪು ಬಾಗಿಲು ಬಡಿದು ಹತ್ತು ವರ್ಷ ಕಳೆದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಇನ್ನು ಏಜೆಂಟ್ ಹೇಳಿದ ಮಾರ್ಗಸೂಚಿ ದರ. ಅದೂ ಸರ್ಕಾರದ್ದೇ ಬೆಲೆ. ಸ್ಟಾಂಪ್ ಕಾಯ್ದೆಯಡಿ ನೋಂದಣಿ ಶುಲ್ಕದ ಲೆಕ್ಕಕ್ಕೆ ಇಟ್ಟಿದ್ದು, ಇದಕ್ಕಿಂತ ಕಡಿಮೆ ತೋರಿಸಿ ಸರ್ಕಾರಕ್ಕೆ ಮೋಸ ಮಾಡಬೇಡಿ ಅನ್ನೋ ಕೆಳಗಿನ ಗೆರೆ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನ ಪರಿಷ್ಕರಿಸಿದರು. ಈ ಕೆಳಗಿನ ಗೆರೆಯನ್ನೇ ಏಜೆಂಟರು ಕೇರಿಗೆ ಬಂದಾಗ ಮೇಲಿನ ಗೆರೆ ಅಂತ ತೋರಿಸ್ತಾರೆ. ಖರೀದಿ ಪತ್ರದಲ್ಲಿ ಅಷ್ಟೇ ಬರೆಸಿ ಉಳಿದದ್ದು ಕೈಯಾಗ ಕೊಡ್ತೀನಿ ಅಂತಾರೆ. ಅದರ ಪೆಟ್ಟು ಒಬ್ಬರಿಗೇ ನಿಲ್ಲೋದಿಲ್ಲ. ನಾಳೆ ಕಾಲುವೆಗೋ ರಸ್ತೆಗೋ ರೈಲಿಗೋ ಜಮೀನು ಹೋದಾಗ, 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮಿನಂತೆ ಬೆಲೆ ಕಟ್ಟೋದು ಹೆಂಗ? ಒಂದು, ಸ್ಟಾಂಪ್ ಕಾಯ್ದೆಯ ದರ. ಇನ್ನೊಂದು, ಸುತ್ತಲಿನ ಅಂಥದ್ದೇ ಜಮೀನುಗಳ ಹಿಂದಿನ 3 ವರ್ಷದ ಖರೀದಿ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನ ತಗೊಂಡು ಸರಾಸರಿ. ಯಾವುದು ಹೆಚ್ಚೋ ಅದು. ಊರಿನವರೆಲ್ಲಾ ಕಡಿಮೆ ಬರೆಸಿದ್ದರೆ ಸರಾಸರಿ ಎಲ್ಲಿಂದ ಏರಬೇಕು? ಒಬ್ಬ ಕಾಕಾ ಕಡಿಮೆ ಬರೆಸಿದ ಖರೀದಿ ಪತ್ರ ಬಾಜೂಕಿನ ಹೊಲದ ವಿಧವೆ ಅಕ್ಕನ ಪರಿಹಾರದಿಂದ ರೊಕ್ಕ ಕತ್ತರಿಸ್ತದೆ.

ಈಗ ಕಾಕಾನ ಕಟ್ಟಿಗೆ ವಾಪಸ್ ಬರ್ತೀನಿ. ಮುತ್ತ್ಯಾನ 4 ಎಕರೆ 12 ಗುಂಟೆ ಇಬ್ಬರಲ್ಲಿ ಪಾಲಾಗಿ ತಲಾ 2 ಎಕರೆ 6 ಗುಂಟೆ ಬಂದಿತ್ತು. ಆಕಾರವೂ ಪಾಲಾಗಿ ಒಬ್ಬರದು 2.87, ಇನ್ನೊಬ್ಬರದು 2.88. ಒಂದು ಗುಂಟೆ ಅಂದ್ರೆ 1,089 ಚದರಡಿ. ಕಾಕಾನ 86 ಗುಂಟೆ ಅಂದ್ರೆ 93,654 ಚದರಡಿ. ಬಿನ್‌ಶೇತ್ಕಿ ಮಾಡಿಸಿ, ರಸ್ತೆ, ಪಾರ್ಕು ಅಂತ ಬಿಟ್ಟ ಮೇಲೂ 30ಕ್ಕೆ 40ರ ಎಷ್ಟು ಪ್ಲಾಟ್ ಆಗ್ತಾವೆ ನೀವೇ ಭಾಗಿಸಿ ನೋಡಿ. ನಮ್ಮಿಂದ ಎಕರೆ ಲೆಕ್ಕದಲ್ಲಿ ತಗೊಂಡು ಚದರಡಿ ಲೆಕ್ಕದಲ್ಲಿ ಮಾರೋ ವ್ಯವಹಾರ ಇದು. ಆಕಾರಬಂದಿನ ನಕಲು ಕಾಕಾನ ಮುಂದಿಟ್ಟು, ಗೌಡರ ಹೊಲದ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಕಾಕಾ ಸುಮ್ಮನೆ ಕೇಳಿದ. ಆಮೇಲೆ ನಾನು ತಿಳಿದದ್ದಕ್ಕಿಂತ ಬೇರೆಯದೇ ಕೇಳಿದ. "ಆ ನುಕ್ಸಾನ ಅಂತ ಬರದಾರಲ್ಲ ತಮ್ಮಾ, ಅದು ನಮಗ ಆಗಿದ್ದಲ್ಲೇನು?"

ಏಜೆಂಟ್ ಎರಡು ಸಲ ಬಂದು, ದರ ಒಮ್ಮೆಲೇ ಏರಿಸಿ, ಹೋದ. ಸಂಚಕಾರ ಆಗಿಲ್ಲ. ಮದುವೆ ಸಾಲ ಹಂಗೇ ಐತಿ, ಅದನ್ನ ಮುಚ್ಚಿಡೋದಿಲ್ಲ. ಕಾಕಾ ಮುಂದೆ ಮಾರಬಹುದು, ಅದು ಅವನ ಹಕ್ಕು.

ಇನ್ನೊಂದು ಪಾಲು ದೊಡ್ಡಪ್ಪನದು. ಅದು 1980ರ ದಶಕದಲ್ಲೇ ಒಂದು ಬಾಂಡ್ ಪೇಪರಿನ ಮೇಲೆ ಪರರ ಪಾಲಾಗಿದೆ. ಅಂದ್ರೆ ಮಾರಾಟಕ್ಕೆ ತಡೆ ಇದ್ದ ಆ 15 ವರ್ಷದೊಳಗೆ. ಮರುಮಂಜೂರಾತಿ ಆದೇಶ ಯಾವ ವರ್ಷದ್ದು, ರೊಕ್ಕ ಕಟ್ಟಿದ ರಸೀದಿ ಯಾರ ಹೆಸರಲ್ಲಿದೆ ಅನ್ನೋದು ಸಿಕ್ಕರೆ ಅರ್ಜಿಗೆ ಬಲ ಬರ್ತದೆ ಅಂತ ವಕೀಲರು ಹೇಳಿದ್ದಾರೆ. ನಕಲಿಗೆ ಅರ್ಜಿ ಕೊಟ್ಟಾಗಿದೆ, ಮಾಹಿತಿ ಹಕ್ಕಿನಲ್ಲೂ ಕೇಳಿದ್ದೀನಿ. ಈಗ ರೆಕಾರ್ಡ್ ರೂಮುಗಳ ಕಾಗದವನ್ನ ಭೂ ಸುರಕ್ಷಾ ಅಂತ ಸ್ಕ್ಯಾನ್ ಮಾಡ್ತಿದ್ದಾರೆ, ನಿಮ್ಮ ಊರಿನ ಕಟ್ಟು ಪೂರ್ತಿ ಹೋಗಿದೆಯೋ ಇಲ್ಲವೋ ಈಗಲೇ ಕೇಳಿ ನೋಡಿ.

ನಮಗೆ ಸಿಕ್ಕ ಕಟ್ಟಿನಲ್ಲಿ ನಾಲ್ಕು ಹಾಳೆ ಮೋಡಿ ಅಕ್ಷರದಲ್ಲಿವೆ. ಅದರಲ್ಲಿ ಮುತ್ತ್ಯಾನ ಅಪ್ಪನ ಹೆಸರು ಇರಬಹುದು ಅಂತ ಅವ್ವ ಹೇಳ್ತಾಳೆ. ಧಾರವಾಡ, ಹಾವೇರಿ ಕಡೆ ಮೋಡಿ ಓದೋರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ತಿಳಿಸಿ. ಹಾಳೆಗಳ ಫೋಟೋ ಕಳಿಸ್ತೀನಿ.